ಪಡುಗೋಡೆಯ ಮುರಕಲ್ಲು: ಜನವರಿಯಿಂದ ಜೂನ್‌ವರೆಗಿನ ದುರಸ್ತಿಯ ಲೆಕ್ಕ

ಮನೆಯ ಪಡುವಣ ಗೋಡೆಯನ್ನು ಕೆಡಿಸಿದವನು ನಾನೇ. ಮಳೆಗಾಲದಲ್ಲಿ ಕಪ್ಪಾಗುತ್ತದೆ ಎಂಬ ಒಂದೇ ಕಾರಣಕ್ಕೆ 2009ರ ಬೇಸಿಗೆಯಲ್ಲಿ ಹಳೆಯ ಸುಣ್ಣದ ಗಾರೆಯನ್ನು ಕೆರೆಸಿ ಸಿಮೆಂಟ್ ಬಳಿಸಿದೆ. ಆಗಿನ ಖರ್ಚು ₹11,400. ಅದನ್ನು ಕಿತ್ತು ಮೊದಲಿನಂತೆ ಮಾಡಲು ಈ ವರ್ಷ ಆದ ಖರ್ಚು ₹58,550. ಎರಡರ ನಡುವೆ ಏನೇನಾಯಿತು ಎಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಇಳಿಸಿದ್ದೇನೆ.

ಮನೆ ಪುತ್ತೂರಿನ ಬದಿಯಲ್ಲಿ, ಗುಡ್ಡದ ಬುಡದಲ್ಲಿದೆ. ಅಜ್ಜ ಕಟ್ಟಿಸಿದ್ದು. ಕಲ್ಲಿನ ನಡುವೆ ಮಣ್ಣಿನ ಗಾರೆ, ಮೇಲೆ ಮಂಗಳೂರು ಹಂಚು. ಕಲ್ಲನ್ನು ಶಾಲೆಯ ಪುಸ್ತಕ ಜಂಬಿಟ್ಟಿಗೆ ಎನ್ನುತ್ತದೆ, ಉತ್ತರ ಕನ್ನಡದವರು ಚಿರೆಕಲ್ಲು ಎನ್ನುತ್ತಾರೆ, ಕೋರೆಯವರ ಚೀಟಿಯಲ್ಲಿ ಕೆಂಪುಕಲ್ಲು ಎಂದಿರುತ್ತದೆ. ನಮ್ಮ ಬಾಯಲ್ಲಿ ಅದು ಮುರಕಲ್ಲು. ಅದರ ಬಣ್ಣವೂ ಬಿಗಿತವೂ ಒಳಗಿರುವ ಕಬ್ಬಿಣದಿಂದ ಬಂದದ್ದು. ನೆಲದಡಿಯಲ್ಲಿ ಕೊಡಲಿಗೆ ಬಗ್ಗುವಷ್ಟು ಮೆತ್ತಗಿದ್ದು, ಹೊರಗೆ ಬಂದು ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಮಲಬಾರಿನ ಅಂಗಡಿಪ್ಪುರದಲ್ಲಿ ಜನ ಇದನ್ನು ಕಡಿದು ಮನೆ ಕಟ್ಟುವುದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದರ್ಥ. ನಮ್ಮ ಜಂಬಿಟ್ಟಿಗೆಯ ಬಾಲದಲ್ಲೂ ಇಟ್ಟಿಗೆಯೇ ಇದೆ. ಮೂವತ್ತು ವರ್ಷ ಪಾಠ ಹೇಳಿದವನ ಚಟ, ಇನ್ನು ಪಾಠ ಇಲ್ಲ.

ಗೋಡೆಯ ಉದ್ದ 24 ಅಡಿ, ಎತ್ತರ ಒಂಬತ್ತೂವರೆ ಅಡಿ. ನಡುವೆ 3×4 ಅಡಿಯ ಒಂದು ಕಿಟಕಿ. ಹಳೆಯ ಕಲ್ಲುಗಳು ಕೈಯಲ್ಲಿ ಕಡಿದವು: ಹದಿನೇಳು ಇಂಚು ಉದ್ದ, ಹನ್ನೊಂದು ಅಗಲ, ಎಂಟೂವರೆ ಎತ್ತರ. ಒಂದೊಂದು ಐವತ್ತು ಕಿಲೋ ತೂಗುತ್ತದೆ.

ಜನವರಿ 11

ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಹೋದೆ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ನೆಲದಿಂದ ಮೂರು ಅಡಿಯವರೆಗೆ ಗೆರೆ ಎಳೆಯುವ ಅಗತ್ಯವೇ ಬೀಳಲಿಲ್ಲ, ಎಲ್ಲವೂ ಟೊಳ್ಳು. ಕಿಟಕಿಯ ಕೆಳಗೆ ಒಂದು ದೊಡ್ಡ ಮಂಡಲ, ಬಲ ಮೂಲೆಯಲ್ಲಿ ಇನ್ನೊಂದು. ಒಳಗಿನ ಕೋಣೆಯಲ್ಲಿ ಬಣ್ಣ ಹಪ್ಪಳದಂತೆ ಎದ್ದು, ಹಿಂದೆ ಬಿಳಿ ಉಪ್ಪು ಹೂ ಬಿಟ್ಟಿತ್ತು.

ಜನವರಿ 14, 15

ಮೊದಲ ತಪ್ಪು. ಬೇಗ ಮುಗಿಯಲಿ ಎಂದು ಸಿಮೆಂಟ್ ಒಡೆಯುವ ಯಂತ್ರವನ್ನು ಬಾಡಿಗೆಗೆ ತಂದೆ. ಸಿಮೆಂಟೇನೋ ಹಲಗೆ ಹಲಗೆಯಾಗಿ ಬಿತ್ತು, ಆದರೆ ಪ್ರತಿ ಹಲಗೆಯ ಬೆನ್ನಿಗೆ ಅರ್ಧ ಇಂಚು ಕಲ್ಲೂ ಅಂಟಿಕೊಂಡು ಬಂತು. ಯಂತ್ರದ ನಡುಕಕ್ಕೆ ಒಳಗಿನ ಮಣ್ಣಿನ ಗಾರೆ ಉದುರತೊಡಗಿತು. ಎರಡನೆಯ ದಿನ ಮಧ್ಯಾಹ್ನ ಕಿಟಕಿಯ ಪಕ್ಕದ ಗಟ್ಟಿ ಕಲ್ಲೊಂದು ನಡುವೆ ಸೀಳಿತು. ಯಂತ್ರವನ್ನು ಆಗಲೇ ವಾಪಸು ಕೊಟ್ಟೆ. ಆ ಎರಡು ದಿನದ ಬಾಡಿಗೆಯನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಲು ನಾಚಿಕೆ.

ಜನವರಿ 18ರಿಂದ 24

ಪಕ್ಕದ ಗ್ರಾಮದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಎಪ್ಪತ್ತು ದಾಟಿದ ಅವರು ಸುಣ್ಣದ ಕೆಲಸವನ್ನು ತಂದೆಯಿಂದ ಕಲಿತವರು. ಗೋಡೆಯನ್ನು ನೋಡಿ ತುಳುವಿನಲ್ಲಿ ಕೇಳಿದ ಮೊದಲ ಮಾತು, "ಮಾಸ್ಟ್ರೇ, ಇದಕ್ಕೆ ರೈನ್‌ಕೋಟು ಹಾಕಿಸಿದವರು ಯಾರು?" ನಾನು ಉತ್ತರ ಕೊಡಲಿಲ್ಲ.

ಅವರ ಕ್ರಮ: ಕತ್ತರಿಸುವ ಗ್ರೈಂಡರಿನಿಂದ ಸಿಮೆಂಟಿನ ಮೇಲೆ ಒಂದೊಂದು ಅಡಿಯ ಚೌಕ ಕೊರೆಯುವುದು. ಕೊರೆತದ ಆಳ ಸಿಮೆಂಟಿನ ದಪ್ಪಕ್ಕಿಂತ ಒಂದು ಎಳೆ ಕಡಿಮೆ. ಆಮೇಲೆ ಚಪ್ಪಟೆ ಉಳಿಯನ್ನು ಗೋಡೆಗೆ ಓರೆಯಾಗಿ ಹಿಡಿದು, ಚೌಕದ ಅಂಚಿನಿಂದ ಮೆಲ್ಲಗೆ ಎಬ್ಬಿಸುವುದು. ದಿನಕ್ಕೆ ಮೂವತ್ತೈದು ಚದರಡಿ ಸಾಗಿತು. ಮೇಸ್ತ್ರಿ ಮತ್ತು ಒಬ್ಬ ಸಹಾಯಕ, ಆರು ದಿನ.

ಹೊರಬಂದ ಗೋಡೆ ಕಂಡು ಮಾತು ಹೊರಡಲಿಲ್ಲ. ಜನವರಿಯ ಬಿಸಿಲಿನಲ್ಲೂ ಕಲ್ಲು ಒದ್ದೆಯಾಗಿತ್ತು. ಕೆಳಗಿನ ನಾಲ್ಕು ವರಿಸೆಗಳಲ್ಲಿ, ಅಂದರೆ ಸಾಲುಗಳಲ್ಲಿ, ಕೆಲವು ಕಲ್ಲುಗಳನ್ನು ಊಟದ ಚಮಚದಿಂದ ಕೆರೆಯಬಹುದಿತ್ತು. ಮಣ್ಣಿನ ಸಂದುಗಳು ಲೇಪದಂತಾಗಿದ್ದವು. ಮೇಲಿನ ಕೂದಲೆಳೆಯ ಬಿರುಕುಗಳಿಂದ ಒಳಗೆ ಇಳಿದ ನೀರಿಗೆ ಹೊರಗೆ ಹೋಗುವ ದಾರಿ ಇರಲಿಲ್ಲ. ಮುರಕಲ್ಲಿನ ಮೈಯೆಲ್ಲ ತೂತು: ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ನಾನು ಅದರ ಬಾಯಿ ಮುಚ್ಚಿಸಿದ್ದೆ. ಬದಲಿಸಲೇಬೇಕಾದ ಕಲ್ಲುಗಳು 34. ಎಣಿಸಿ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದೆ.

ಜನವರಿ 27

ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಬೋಳು ಕಲ್ಲನ್ನು ಕಂಡು, "ಮಾವ, ಹೀಗೆಯೇ ಬಿಟ್ಟು ಮೇಲೆ ವಾರ್ನಿಷ್ ಹೊಡೆಸಿ, ರೆಸಾರ್ಟಿನಂತೆ ಕಾಣುತ್ತದೆ" ಎಂದ. ಇದೇ ಕಲ್ಲಿನ ಬೇಕಲ ಕೋಟೆ, ಮಿರ್ಜಾನ್ ಕೋಟೆ ಎಲ್ಲ ಬೋಳಾಗಿಯೇ ನಿಂತಿಲ್ಲವೇ ಎಂಬುದು ಅವನ ವಾದ. ಮೇಸ್ತ್ರಿ ನಕ್ಕು, ಕೋಟೆಯ ಗೋಡೆ ಒಂದು ಇಂಚು ತಿಂದುಹೋದರೆ ಯಾರಿಗೂ ತಿಳಿಯುವುದಿಲ್ಲ, ನಿಮ್ಮ ಮಾವನ ಗೋಡೆ ಇರುವುದೇ ಹನ್ನೊಂದು ಇಂಚು ಎಂದರು.

ನನಗೆ ನೆನಪಾದದ್ದು ಹಳೆ ಗೋವಾದ ಬೋಂ ಜೇಸು ಬಸಿಲಿಕಾ ಎಂಬ ಚರ್ಚು. 1605ರಲ್ಲಿ ಪ್ರತಿಷ್ಠೆಯಾದ ಆ ಇಗರ್ಜಿಯ ಹೊರಗಿನ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ, ಹಳೆಯ ನೋಟ ಬರಲಿ ಎಂದು ತೆಗೆಸಿದರು. ಪ್ರವಾಸಿಗಳು ಇಂದು ಫೋಟೋ ತೆಗೆಯುವ ಕೆಂಪು ಗೋಡೆ ಕಟ್ಟಿದವರು ತೋರಿಸಲು ಬಯಸಿದ ಗೋಡೆಯಲ್ಲ. ಅಂದಿನಿಂದ ಕಲ್ಲು ಮಳೆಗೆ ಸವೆಯುತ್ತಿದೆ, ಮತ್ತೆ ಗಾರೆ ಬಳಿಯಬೇಕೇ ಎಂಬ ಚರ್ಚೆ ನಿಂತಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆ, ಅದೂ ಪಡುಗೋಡೆಯನ್ನು, ಬೋಳು ಬಿಡಲು ನನಗೆ ಧೈರ್ಯ ಇಲ್ಲ. ವಾರ್ನಿಷ್ ಅಂತೂ ಮತ್ತೊಂದು ರೈನ್‌ಕೋಟು. ಸುಣ್ಣವೇ ಎಂದು ತೀರ್ಮಾನವಾಯಿತು. ಹುಡುಗ ಸ್ವಲ್ಪ ಮುನಿಸಿಕೊಂಡ.

ಫೆಬ್ರವರಿ 2ರಿಂದ 10: ಕಲ್ಲು

ಕೋರೆಯಿಂದ 25 ಹೊಸ ಕಲ್ಲು ತಂದೆ, ಒಂದಕ್ಕೆ ₹48. ಉಳಿದವನ್ನು ಆಮೇಲೆ ತಂದರಾಯಿತು ಎಂದುಕೊಂಡಿದ್ದೆ. ಇಳಿಸಿದ ಮೇಲೆ ಗಮನಕ್ಕೆ ಬಂತು: ಯಂತ್ರದಲ್ಲಿ ಕೊಯ್ದ ಕಲ್ಲು 14×8×7 ಇಂಚು. ನನ್ನ ಹಳೆಯ ವರಿಸೆಯ ಎತ್ತರ ಎಂಟೂವರೆ. ತರುವ ಮೊದಲು ಅಳತೆಪಟ್ಟಿ ಹಿಡಿಯಲು ಒಂದು ನಿಮಿಷ ಸಾಕಿತ್ತು. ಒಂದೂವರೆ ಇಂಚಿನ ಅಂತರವನ್ನು ಹಂಚಿನ ಚೂರು ಮತ್ತು ಗಾರೆಯಿಂದ ತುಂಬಿಸಿ ಒಂದು ಕಲ್ಲನ್ನು ಕೂರಿಸಿ ನೋಡಿದೆವು. ಮರುದಿನ ಕೈಯಲ್ಲಿ ಅಲುಗಾಡಿಸಿದರೆ ಹಲ್ಲಿನಂತೆ ಆಡುತ್ತಿತ್ತು.

ಇನ್ನೊಂದು ತೊಡಕು, ಕಲ್ಲು ತೀರ ಹಸಿ. ಉಗುರಿನಿಂದ ಗೀಚಿದರೆ ಗೆರೆ ಬೀಳುತ್ತಿತ್ತು. ಕಲ್ಲು ಒಂದು ಮಳೆಗಾಲ ಅಂಗಳದಲ್ಲಿ ಬಿದ್ದಿರಬೇಕು ಎನ್ನುವುದು ಮೇಸ್ತ್ರಿಯ ನಿಯಮ. ಕೆಟ್ಟದ್ದು ಕರಗಿ ತೋರಿಸಿಕೊಳ್ಳುತ್ತದೆ, ಒಳ್ಳೆಯದು ಕಪ್ಪಾಗಿ ಗಟ್ಟಿಯಾಗುತ್ತದೆ. ಕೋರೆಯಲ್ಲಿ ಆಳಕ್ಕೆ ಹೋದಷ್ಟೂ ಕಲ್ಲು ಮೆತ್ತಗಾಗುತ್ತದೆ, ಅದರ ಕೆಳಗೆ ಬರುವುದು ಬಿಳಿ ಶೇಡಿ ಮಣ್ಣು. ಆದ್ದರಿಂದ ಕಲ್ಲಿನ ಮೈಯಲ್ಲಿ ಬಿಳಿ ಅಥವಾ ಹಳದಿ ಮಚ್ಚೆ ದೊಡ್ಡದಿದ್ದರೆ ಅದು ತಳದ ಕಲ್ಲು ಎಂದೇ ತಿಳಿಯಬೇಕು.

ಮಾತನ್ನು ಪರೀಕ್ಷಿಸದೆ ಒಪ್ಪುವ ಅಭ್ಯಾಸ ನನಗಿಲ್ಲ. ಎರಡು ತುಂಡುಗಳನ್ನು ಒಂದು ವಾರ ಬಿಸಿಲಿನಲ್ಲಿ ಒಣಗಿಸಿ, ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ, ಒಂದು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದೆ. ನಮ್ಮ ಗೋಡೆಯದೇ ಒಡೆದ ಗಟ್ಟಿ ಕಲ್ಲಿನ ತುಂಡು 4.10 ಕಿಲೋದಿಂದ 4.52ಕ್ಕೆ ಏರಿತು, ಅಂದರೆ ಶೇಕಡಾ 10. ಹಳದಿ ಮಚ್ಚೆಯ ಹೊಸ ತುಂಡು 3.80ರಿಂದ 4.36ಕ್ಕೆ, ಶೇಕಡಾ 15ರ ಹತ್ತಿರ. ಭಾರತೀಯ ಮಾನಕ 3620ರ ಪ್ರಕಾರ ಕಟ್ಟಡದ ಮುರಕಲ್ಲು ಹೀರುವ ನೀರು ಶೇಕಡಾ 12 ಮೀರಬಾರದು. ಎರಡನೆಯ ತುಂಡಿನ ಬಕೆಟ್ಟಿನ ತಳದಲ್ಲಿ ಮಜ್ಜಿಗೆಯಂತಹ ಕೆಸರು ಕೂತಿತ್ತು. ಮನೆಯ ತಕ್ಕಡಿಯ ಲೆಕ್ಕವನ್ನು ಪ್ರಯೋಗಾಲಯದ್ದೆಂದು ಹೇಳುವುದಿಲ್ಲ, ಆದರೆ ಆ ಕೆಸರಿಗೆ ತಕ್ಕಡಿ ಬೇಕಾಗಿರಲಿಲ್ಲ.

ಕೊನೆಗೆ ಕಲ್ಲು ಸಿಕ್ಕಿದ್ದು ಎರಡು ಮೈಲಿ ದೂರದ ಒಂದು ಬಿದ್ದ ದನದ ಹಟ್ಟಿಯಲ್ಲಿ. ಅದೇ ಕಾಲದ್ದು, ಅದೇ ಅಳತೆಗೆ ಒಂದು ಬೆರಳು ಹೆಚ್ಚು ಕಡಿಮೆ. ಸುತ್ತಿಗೆಯಿಂದ ತಟ್ಟಿ, ಖಣ್ ಎಂದದ್ದನ್ನು ಮಾತ್ರ ಆರಿಸಿ 40 ತಂದೆವು, ಒಂದಕ್ಕೆ ₹25. ಹಟ್ಟಿಯ ಕಲ್ಲು ಎಂದು ಅಮ್ಮ ಮೊದಲು ಗೊಣಗಿದರು. ಗೋಮೂತ್ರ ಕುಡಿದ ಕೆಳಗಿನ ಎರಡು ವರಿಸೆಯ ಕಲ್ಲುಗಳಲ್ಲಿ ಉಪ್ಪು ಇರುತ್ತದೆ ಎಂದು ಅವನ್ನು ಮುಟ್ಟಲಿಲ್ಲ. ಅಮ್ಮನ ಗೊಣಗಾಟದಲ್ಲಿ ಅಷ್ಟು ನ್ಯಾಯ ಇತ್ತು.

ಫೆಬ್ರವರಿ 12ರಿಂದ 20: ಸುಣ್ಣ

ಅಡಿಕೆ ತೋಟ ಇರುವವನಿಗೆ ಸುಣ್ಣ ಹೊಸದಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಪ್ರತಿ ವರ್ಷವೂ ಚಿಪ್ಪಿನ ಸುಣ್ಣ ತರುತ್ತೇವೆ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಳೆದ ವರ್ಷದ ಒಂದೂವರೆ ಚೀಲ ಅಟ್ಟದಲ್ಲಿ ಉಳಿದಿತ್ತು. ಜಾಣತನ ಮಾಡಿ ಅದನ್ನೇ ಕಲಸಿ, ಮೇಸ್ತ್ರಿ ಬಾರದ ದಿನ ಮೂರು ಸಂದುಗಳಿಗೆ ತುಂಬಿದೆ. ಒಂದು ವಾರವಾದರೂ ಬೆರಳಿಗೆ ಪುಡಿ ಪುಡಿಯಾಗಿ ಬರುತ್ತಿತ್ತು. ಮೇಸ್ತ್ರಿ ಬಂದು ಚೀಲದಿಂದ ಒಂದು ಹಿಡಿ ತೆಗೆದು ನೀರಿಗೆ ಹಾಕಿದರು. ಸದ್ದಿಲ್ಲ, ಹೊಗೆಯಿಲ್ಲ. "ಸತ್ತ ಸುಣ್ಣ, ಮಾಸ್ಟ್ರೇ." ತೆರೆದ ಚೀಲದಲ್ಲಿ ವರ್ಷವಿಡೀ ಗಾಳಿ ಕುಡಿದು ಅದರ ಕೆಲಸ ಅಟ್ಟದಲ್ಲೇ ಮುಗಿದಿತ್ತು. ಮೂರು ಸಂದುಗಳನ್ನೂ ಮತ್ತೆ ಕೆರೆದೆ.

ಭಟ್ಟಿಯಿಂದ ನೇರವಾಗಿ ಸುಟ್ಟ ಚಿಪ್ಪು ತಂದೆವು, 25 ಕಿಲೋದ ಏಳು ಚೀಲ, ಚೀಲಕ್ಕೆ ₹550. ಅರಳಿಸಲು ತೋಟದ ಪ್ಲಾಸ್ಟಿಕ್ ಡ್ರಮ್ ಇದೆಯಲ್ಲ ಎಂದು ಅದಕ್ಕೇ ಅರ್ಧ ನೀರು ತುಂಬಿ, ಚಿಪ್ಪು ಸುರಿದೆ. ಎರಡು ನಿಮಿಷ ಸುಮ್ಮನಿದ್ದು, ಆಮೇಲೆ ಕೊತಕೊತ ಕುದಿಯಲು ಶುರುವಾಯಿತು. ಡ್ರಮ್ಮಿನ ಹೊಟ್ಟೆ ಒಂದು ಬದಿಗೆ ಉಬ್ಬಿ, ಮೆತ್ತಗಾಗಿ, ವಾಲಿತು. ಅಡಿಕೆ ಮರಕ್ಕೆ ಒರಗಿಸಿ ಹೇಗೋ ಉಳಿಸಿಕೊಂಡೆವು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು, ಮುಂಗೈಗೆ ಮೂರು ಬೊಬ್ಬೆ. ಮಿಕ್ಕ ಚೀಲಗಳನ್ನು ₹1,400 ಕೊಟ್ಟು ತಂದ ಕಬ್ಬಿಣದ ಡ್ರಮ್ಮಿನಲ್ಲಿ, ನೀರಿಗೆ ಸ್ವಲ್ಪ ಸ್ವಲ್ಪವೇ ಚಿಪ್ಪು ಬಿಡುತ್ತಾ ಅರಳಿಸಿದೆವು. ಚಿಪ್ಪಿನ ಮೇಲೆ ನೀರು ಸುರಿಯುವುದಲ್ಲ, ನೀರಿಗೆ ಚಿಪ್ಪು. ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮೂರು ವಾರ ಮುಟ್ಟದೆ ಬಿಟ್ಟೆವು. ತೆಗೆದಾಗ ಎಮ್ಮೆಯ ಮೊಸರಿನಂತೆ ಕರಣೆಗೆ ಅಂಟದೆ ಜಾರುತ್ತಿತ್ತು.

ಕಾಯುವ ದಿನಗಳಲ್ಲಿ ಒಡೆದ ಹಂಚನ್ನು ಕುಟ್ಟಿ ಪುಡಿ ಮಾಡಿ ಜರಡಿ ಹಿಡಿದೆವು. ಕೆಲವು ಹಂಚುಗಳ ಮೇಲೆ ಬಾಸೆಲ್ ಮಿಷನ್ ಹೆಸರಿನ ಜೊತೆಗೆ 1865 ಎಂಬ ಅಚ್ಚಿದೆ. ನೆಂಟರು ಅದನ್ನು ನೋಡಿ ಮನೆ 1865ರದ್ದು ಎಂದು ಬೆರಗಾಗುತ್ತಾರೆ. ಅದು ಮಂಗಳೂರಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ನಾನು ಮೊದಲೆಲ್ಲ ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಮಾರ್ಚ್ 9ರಿಂದ 18: ಕಲ್ಲು ಬದಲಿಸಿದ್ದು

ಕೂರಿಸುವ ಗಾರೆ: ಒಂದು ಪಾಲು ಸುಣ್ಣ, ಒಂದು ಪಾಲು ಹಂಚಿನ ಪುಡಿ, ಎರಡು ಪಾಲು ಹೊಳೆಯ ಮರಳು. ಮಾಡಿನ ಪಕ್ಕಾಸುಗಳ (ಹಂಚು ಹೊರುವ ಮರದ ತೊಲೆಗಳ) ಭಾರ ಹೊರಲು ಒಳಗಿನಿಂದ ನಾಲ್ಕು ಕಬ್ಬಿಣದ ಜಾಕ್ ಕೊಟ್ಟೆವು, ದಿನಕ್ಕೆ ಒಂದಕ್ಕೆ ₹15. ಒಂದು ಬಿಟ್ಟು ಒಂದು ಕಲ್ಲು ತೆಗೆಯುವುದು, ಅದೂ ಕೆಳಗಿನಿಂದ ಮೇಲಕ್ಕೆ. ಸಂದನ್ನು ಉದ್ದ ಉಳಿಯಿಂದ ಕೆರೆದು, ಕೆಟ್ಟ ಕಲ್ಲನ್ನು ಒಡೆದು ತೆಗೆದು, ಗೂಡನ್ನು ಬ್ರಷ್ಷಿನಿಂದ ಗುಡಿಸಿ, ನೀರು ಚಿಮುಕಿಸಿ, ತಳಕ್ಕೂ ಬೆನ್ನಿಗೂ ಗಾರೆ ಹಾಸಿ, ಒಂದು ರಾತ್ರಿ ನೀರಿನಲ್ಲಿ ನೆನೆದ ಕಲ್ಲನ್ನು ಇಬ್ಬರು ದೂಡುವುದು. ಮೇಲಿನ ಸಂದಿಗೆ ಹಂಚಿನ ಚೂರನ್ನು ಬಿಗಿಯಾಗಿ ಬಡಿದು, ಮಿಕ್ಕದ್ದಕ್ಕೆ ಗಾರೆ ತುರುಕುವುದು. ದಿನಕ್ಕೆ ನಾಲ್ಕೈದು ಕಲ್ಲು. ಮೇಸ್ತ್ರಿ ಬಂದದ್ದು ಎಂಟು ದಿನ.

ಮಾರ್ಚ್ 13ರ ಸಂಜೆ ಅವರು ಹೊರಟ ಮೇಲೆ, ನಾಳೆಯ ಕೆಲಸ ಹಗುರವಾಗಲಿ ಎಂದು 17ನೆಯ ಸಂಖ್ಯೆಯ ಕಲ್ಲನ್ನು ನಾನೇ ತೆಗೆದೆ. ಪಕ್ಕದ 16 ಆಗಲೇ ಖಾಲಿ ಇತ್ತು. ರಾತ್ರಿ ಊಟಕ್ಕೆ ಕೂತಾಗ ಗೋಡೆ ಚಟ್ ಎಂದಿತು. ಟಾರ್ಚ್ ಹಿಡಿದು ನೋಡಿದರೆ ಕಿಟಕಿಯ ಮೂಲೆಯಿಂದ ಮೇಲಕ್ಕೆ ಮೂರೂವರೆ ಅಡಿ ಉದ್ದ, ಎರಡು ಮಿಲಿಮೀಟರ್ ಅಗಲದ ಸೀಳು. ಆ ರಾತ್ರಿಯೇ ಗೂಡಿನೊಳಗೆ ಮರದ ದಿಮ್ಮಿ ಕೊಟ್ಟು ಬಿಗಿ ಮಾಡಿದೆ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೇಸ್ತ್ರಿ ಏನೂ ಬೈಯಲಿಲ್ಲ, ಉಳಿಯನ್ನು ಮಾತ್ರ ತಮ್ಮ ಚೀಲಕ್ಕೆ ಹಾಕಿಕೊಂಡರು. ಸೀಳಿನ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದೆ. ಎರಡು ವಾರ ಪಟ್ಟಿ ಹರಿಯಲಿಲ್ಲ. ಆಮೇಲೆ ತೆಳು ಸುಣ್ಣ ಕುಡಿಸಿ ಮುಚ್ಚಿದೆವು.

ಮಾರ್ಚ್ 28

ಗಾರೆ ಬಳಿಯುವ ಪ್ರಯೋಗ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು 3×3 ಅಡಿಗೆ ಹಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ಜೇಡದ ಬಲೆಯಂತೆ ಬಿರುಕು. ಬೆಳಿಗ್ಗೆ ಒಂದೇ ಸಲ ನೀರು ಹೊಡೆದಿದ್ದೆವು, ಅದನ್ನು ಕಲ್ಲು ನುಂಗಿ ಗಾರೆಯ ನೀರನ್ನೂ ಎಳೆದುಕೊಂಡಿತ್ತು. ಕಿತ್ತು ಹಾಕಿದೆವು.

ಏಪ್ರಿಲ್ 1ರಿಂದ 6

ಈ ಸಲ ಹಿಂದಿನ ಸಂಜೆ ಎರಡು ಸಲ, ಬೆಳಿಗ್ಗೆ ಎರಡು ಸಲ ಗೋಡೆ ತೋಯಿಸಿದೆವು. ಕೈಯಿಟ್ಟರೆ ತಂಪು, ಆದರೆ ನೀರು ಇಳಿಯಬಾರದು, ಅದು ಹದ. ಮೊದಲ ಪದರ 12 ಮಿಲಿಮೀಟರ್, ಮೂರು ದಿನ ಬಿಟ್ಟು ಎರಡನೆಯದು 6 ಮಿಲಿಮೀಟರ್. ಕರಣೆಯಿಂದ ಉಜ್ಜಿ ಹೊಳಪು ಬರಿಸಲಿಲ್ಲ, ಮರದ ಹಲಗೆಯಿಂದ ಒರಟಾಗಿಯೇ ಬಿಟ್ಟೆವು. ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಮೂರು ವಾರ ನೀರು ಚಿಮುಕಿಸಿದೆ. ಸಿಮೆಂಟಿಗೆ ಒಗ್ಗಿದ ಕೈಗೆ ಈ ಕಾಯುವಿಕೆ ಒಂದು ಶಿಕ್ಷೆ.

ಗಾರೆಗೆ ಬೆಲ್ಲದ ನೀರು ಬೇಕೇ ಬೇಕು ಎಂದು ಮೇಸ್ತ್ರಿ. ಹತ್ತು ಕಿಲೋ ಬೆಲ್ಲ ತಂದೆ. ಕಿಟಕಿಯ ಎಡಕ್ಕೆ ಬೆಲ್ಲದ ಗಾರೆ, ಬಲಕ್ಕೆ ಒಂದು ಚೌಕದಲ್ಲಿ ಬರೀ ಗಾರೆ ಹಾಕಿಸಿದೆ. ಬೆಲ್ಲದ್ದು ಕೈಯಲ್ಲಿ ಹೆಚ್ಚು ಹೊತ್ತು ಮೆತ್ತಗಿದ್ದು ಹಚ್ಚಲು ಸುಲಭವಾಯಿತು. ಇವತ್ತಿಗೆ ಎರಡರಲ್ಲೂ ಉಗುರು ಇಳಿಯುವುದಿಲ್ಲ. ನಾನು ಕಂಡ ಖಚಿತ ವ್ಯತ್ಯಾಸ ಒಂದೇ: ಬೆಲ್ಲದ ಗೋಡೆಗೆ ಎರಡು ದಿನ ಕಟ್ಟಿರುವೆಗಳ ಮೆರವಣಿಗೆ ಬಂತು.

ಮೇ 4

ತೆಳು ಸುಣ್ಣ ಮೂರು ಕೈ. ಲೆಕ್ಕ ಹಾಕಿದೆ. ಮೇಸ್ತ್ರಿಯ 19 ದಿನ ₹22,800, ಸಹಾಯಕನ ಅಷ್ಟೇ ದಿನ ₹17,100, ಹಂಚು ಕುಟ್ಟಿದ ಎರಡು ದಿನ ₹1,800. ಮರಳು ₹4,500, ಸುಣ್ಣ ₹3,850, ಹಳೆ ಕಲ್ಲು ₹1,000, ಇನ್ನೂ ಬಳಸದ ಹೊಸ ಕಲ್ಲು ₹1,200, ಎರಡು ಸಲದ ವಾಹನ ಬಾಡಿಗೆ ₹2,200, ಜಾಕ್ ಬಾಡಿಗೆ ₹1,800, ಡ್ರಮ್ ₹1,400, ಬೆಲ್ಲ ₹600, ಉಳಿ ಹದ ಮಾಡಿಸಿದ್ದು ₹300. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕೂಲಿಯೇ. ವಸ್ತು ಅಗ್ಗ, ಕೈ ದುಬಾರಿ. ಆ ಕೈಗೆ ಎಪ್ಪತ್ತು ದಾಟಿದೆ, ಸಹಾಯಕ ಹುಡುಗನಿಗೆ ಸುಣ್ಣದ ಕೆಲಸ ಇದೇ ಮೊದಲು.

ಮೇ 24

ಹಸಿ ಸುಣ್ಣ ಈ ವರ್ಷದ ಮಳೆ ತಡೆಯಲಾರದು ಎಂದು ಪಡುಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು. ಅಜ್ಜಿಯ ಕಾಲದಲ್ಲಿ ಪ್ರತಿ ಮೇ ತಿಂಗಳೂ ಕಟ್ಟುತ್ತಿದ್ದರು. ಸಿಮೆಂಟ್ ಬಂದ ಮೇಲೆ ನಾನೇ ನಿಲ್ಲಿಸಿದ್ದು. ಮಡಲು ಹೆಣೆಯಲು ಅಮ್ಮನನ್ನೇ ಕೇಳಬೇಕಾಯಿತು. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಬಿಟ್ಟಿದ್ದೇವೆ, ಗಾಳಿ ಆಡಲಿ ಎಂದು.

ಜೂನ್ 21

ಎರಡು ವಾರ ಬಿಡದ ಮಳೆ. ಒಳಕೋಣೆಯ ಗೋಡೆ ಒಣಗಿದೆ, ಕಿಟಕಿಯ ಕೆಳಗಿನ ಹಳೆಯ ಮಂಡಲ ಮತ್ತೆ ಮೂಡಿಲ್ಲ. ಆದರೆ ನೆಲದ ಮಟ್ಟದ ವರಿಸೆಯಲ್ಲಿ, ಬಲ ಮೂಲೆಯಿಂದ ನಾಲ್ಕು ಅಡಿ, ಸುಣ್ಣ ಬೂದು ಬಣ್ಣಕ್ಕೆ ತಿರುಗಿದೆ. ಅದರ ಅಡಿಯ ಐದು ಕಲ್ಲುಗಳನ್ನು ಇನ್ನೊಂದು ವರ್ಷ ಬಾಳಿಯಾವು ಎಂದು ಮಾರ್ಚ್‌ನಲ್ಲಿ ಬಿಟ್ಟಿದ್ದೆವು, ಬಿಡಲು ಹೇಳಿದವನು ನಾನು. ಹಟ್ಟಿಯ ಕಲ್ಲು ಆರು ಉಳಿದಿವೆ. ಮಳೆ ನಿಂತ ಮೇಲೆ ಮೇಸ್ತ್ರಿಗೆ ಹೇಳಿ ಕಳುಹಿಸಬೇಕು.

ಕೋರೆಯಿಂದ ತಂದ ಹೊಸ ಕಲ್ಲುಗಳು ಅಂಗಳದಲ್ಲಿ ಸಾಲಾಗಿ ನೆನೆಯುತ್ತಿವೆ. ಒಂದೊಂದಕ್ಕೂ ಸಂಖ್ಯೆ ಬರೆದಿದ್ದೇನೆ. 4, 11 ಮತ್ತು 19ರಿಂದ ಹಳದಿ ನೀರು ಇಳಿಯುತ್ತಿದೆ, ಉಳಿದವು ಸದ್ಯಕ್ಕೆ ಸುಮ್ಮನಿವೆ.